ದಾರ ಕಟ್ಟಿದ ಎರಡು ಪಾಠ

ಸ್ಟೀಲ್ ಗ್ಲಾಸಿನ ತಳದಿಂದ ಒಬ್ಬ ಹೆಂಗಸು ಜಪಾನೀ ಮಾತಾಡುವ ಸದ್ದು. ಆ ಎರಡು ವರ್ಷಗಳದ್ದೆಂದು ನನ್ನ ಕಿವಿಯಲ್ಲಿ ಉಳಿದಿರುವುದು ಅದೊಂದೇ. ಖಾಲಿ ಗ್ಲಾಸಿನಲ್ಲಿ ಮೊಬೈಲು ನಿಲ್ಲಿಸಿದರೆ ಅದರ ಬಡಕಲು ದನಿಗೂ ಗಂಟೆಯ ಗುಂಗು ಬರುತ್ತದೆ ಎಂದು ನನಗೆ ತೋರಿಸಿದವಳು ನಮ್ಮ ಮನೆಗೆ ಬರುತ್ತಿದ್ದ ನರ್ಸ್ ಹುಡುಗಿ. ದಿನಾ ನಾಲ್ಕು ಗಂಟೆಗೆ, ಚಿಕ್ಕೋಡಿಯ ನಮ್ಮ ಮನೆಯ ಕಿಟಕಿಯಲ್ಲಿ ಆ ಗ್ಲಾಸು ಬಂದು ಕೂರುತ್ತಿತ್ತು. ಒಳಗಿನ ಹೆಂಗಸು ಒಂದು ವಾಕ್ಯ ಹೇಳುತ್ತಿದ್ದಳು, ಎರಡು ಉಸಿರಿನಷ್ಟು ಸುಮ್ಮನಿರುತ್ತಿದ್ದಳು, ಆಮೇಲೆ "ಮೋ ಇಚಿದೋ" ಅನ್ನುತ್ತಿದ್ದಳು. ಅಂದರೆ, ಇನ್ನೊಂದು ಸಲ.

"ಸಾವಕಾಶ ಹೇಳ ಬೇ. ನಿನಗೇನ ಬಸ್ ತಪ್ಪತೈತಿ?" ಎಂದು ಇವಳು ಗ್ಲಾಸಿಗೆ ಬೈಯುತ್ತಿದ್ದಳು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಕೇಳಬೇಕಿತ್ತು, ಕೇಳುವ ಧೈರ್ಯ ಬರಲಿಲ್ಲ.

ನನ್ನ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗಡೆಯ ಕೈಕಾಲೂ ಮಾತೂ ಒಟ್ಟಿಗೆ ಹೋಗಿದ್ದವು. ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವರು. ನಿವೃತ್ತರಾದ ಮೇಲೂ ಇಸ್ತ್ರಿ ಮಾಡಿದ ಶರ್ಟಿಲ್ಲದೆ ಬಾಗಿಲಿಗೆ ಬಂದವರಲ್ಲ. ಅಂಥವರು, ಪರರು ಬಾಯಿಗೆ ಚಮಚ ಹಿಡಿದರೆ, ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದರು. ನೋಡಿಕೊಳ್ಳಲು ಬಂದ ಇಬ್ಬರು ಒಂದೇ ವಾರದಲ್ಲಿ ಬಿಟ್ಟು ಹೋದರು. ಮೂರನೆಯವಳಾಗಿ ನಿಪ್ಪಾಣಿಯಿಂದ ಬೆಳಗಿನ ಬಸ್ಸಿಗೆ ಬಂದವಳು ಇವಳು. ನರ್ಸಿಂಗ್ ಕಲಿತವಳು, ಮೂವತ್ತಕ್ಕೆ ಒಂದೋ ಎರಡೋ ವರ್ಷ ಕಡಿಮೆ, ಎತ್ತರ ಕಡಿಮೆ, ದನಿ ದೊಡ್ಡದು.

ಮೊದಲ ದಿನ ನನ್ನನ್ನು ಏನೂ ಕೇಳಲಿಲ್ಲ. ಮೊಣಕೈವರೆಗೆ ಕೈ ತೊಳೆದು ಒಳಗೆ ಹೋಗಿ, ಅವರ ಅಂಗಾಲಿಗೆ ಹಿಂಗೈ ಮುಟ್ಟಿಸಿ ನೋಡಿದಳು. "ಐಸ್ ಆಗ್ಯಾವಲ್ರಿ ಕಾಕಾ ಪಾದ" ಎಂದು ನೆಲಕ್ಕೇ ಕೂತು ತಿಕ್ಕತೊಡಗಿದಳು. ಆಮೇಲೆ ಬಗ್ಗಿ, "ಎಡಗೈ ನನ್ನ ಕುತಗಿಗೆ ಹಾಕ್ರಿ. ಡ್ಯಾನ್ಸ್ ಮಾಡೂಣು" ಅಂದಳು. ನಾನು ಬಾಗಿಲಲ್ಲಿ ನಿಂತು, ಗುಡ್ ಹೆವೆನ್ಸ್, ಇವರು ಈಗ ಕೂಗಾಡುತ್ತಾರೆ ಅಂದುಕೊಂಡೆ. ಅವರು ಕೈ ಹಾಕಿದರು. ಮುಖದ ಸರಿಯಿದ್ದ ಅರ್ಧ ಭಾಗ ನಕ್ಕಿತು. ಅಂದಿನಿಂದ ಅವಳಿಗೆ ಅವರು ಕಾಕಾ, ನಾನು ಕಾಕು, ಸ್ವಂತ ಚಿಕ್ಕಪ್ಪ ಚಿಕ್ಕಮ್ಮನ ಹಾಗೆ.

ಎರಡನೆಯ ವಾರ ಚೀಲದಿಂದ ಒಂದು ದಪ್ಪ ಝೆರಾಕ್ಸ್ ಪುಸ್ತಕ ತೆಗೆದಳು. ಜಪಾನಿನ ವೃದ್ಧಾಶ್ರಮಗಳಿಗೆ ಇಲ್ಲಿಂದ ನರ್ಸುಗಳನ್ನು ಕಳಿಸುವ ಒಂದು ಕ್ಲಾಸು ಕೊಲ್ಲಾಪುರದಲ್ಲಿತ್ತು. ವಾರಕ್ಕೆ ಮೂರು ದಿನ ಮೊಬೈಲಿನಲ್ಲೇ ಪಾಠ, ದಿನಾ ಕೇಳಿ ಹೇಳಲು ಆ ಹೆಂಗಸಿನ ರೆಕಾರ್ಡಿಂಗು. ಪುಣೆಯಲ್ಲಿ ಭಾಷೆಯ ಪರೀಕ್ಷೆ ಪಾಸಾದರೆ ಮುಂದಿನ ಮಾತು. ಪುಸ್ತಕದಲ್ಲಿ ಐವತ್ತು ಪಾಠ. ಪ್ರತಿ ಪಾಠದ ಹಿಂದೆ ವ್ಯಾಕರಣದ ವಿವರಣೆ ಇಂಗ್ಲಿಷಿನಲ್ಲಿ.

"ಕಾಕು, ಈ ಇಂಗ್ಲಿಷ್ ಏನ್ ಹೇಳತೈತಿ ಅಷ್ಟ ಹೇಳ್ರಿ. ಜಪಾನಿ ನಾ ನೋಡ್ಕೋತೀನಿ."

ನನಗೆ ಎಷ್ಟು ಸಂತೋಷವಾಯಿತೆಂದು ಹೇಳಬೇಕು. ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಹತ್ತು ವರ್ಷ ಇದ್ದವಳು ನಾನು. ನನ್ನ ಕಂಪೊಸಿಷನ್ ಓದಿ ನಮ್ಮ ಸಿಸ್ಟರ್, "ಚೈಲ್ಡ್, ಯು ವಿಲ್ ಗೋ ಫಾರ್" ಎಂದಿದ್ದರು. ಹೋದದ್ದು ಬೆಳಗಾವಿಯಿಂದ ಚಿಕ್ಕೋಡಿಗೆ, ಸೊಸೆಯಾಗಿ. ಆ ಇಂಗ್ಲಿಷು ಇಷ್ಟು ವರ್ಷ ಮಕ್ಕಳ ಹೋಮ್‌ವರ್ಕಿಗೂ ಬ್ಯಾಂಕಿನ ಪತ್ರಗಳಿಗೂ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಕನ್ನಡಕ ಒರೆಸಿಕೊಂಡು ಕೂತೆ.

ಆದರೆ ಆ ವಿವರಣೆಗಳು! ಒಬ್ಬರು ಇನ್ನೊಬ್ಬರಿಗಾಗಿ ಒಂದು ಕೆಲಸ ಮಾಡಿದಾಗ ಹೇಳುವ ಬಗೆಯ ಮೇಲೆ ಒಂದು ಇಡೀ ಪುಟ. 'ದಿ ಸ್ಪೀಕರ್ ರಿಸೀವ್ಸ್ ದಿ ಬೆನಿಫಿಟ್ ಆಫ್ ದಿ ಆಕ್ಷನ್' ಎಂದು ಮೂರು ಸಲ ಗಟ್ಟಿಯಾಗಿ ಓದಿದೆ. ಶೇಕ್ಸ್‌ಪಿಯರ್‌ ಓದಿದ ನನಗೆ ತಲೆ ಬುಡ ತಿಳಿಯಲಿಲ್ಲ. ಅವಳು ಕೆಳಗಿದ್ದ ಉದಾಹರಣೆಯನ್ನು ನೋಡಿದಳು, ತುಟಿಯಲ್ಲೇ ಹೇಳಿಕೊಂಡಳು, ನಕ್ಕಳು.

"ಇಷ್ಟ ಏನ್ರಿ? ಅಡಗಿ ಮಾಡಿಕೊಟ್ಲು, ಪತ್ರ ಬರದುಕೊಟ್ಟ ಅಂತೀವಲ್ರಿ ನಾವು. ಅದ ಇದು. ಇಂಗ್ಲಿಷ್ ಬಿಡ್ರಿ ಕಾಕು, ಇದು ನಮ್ಮ ಮಾತ ಐತಿ."

ಪುಸ್ತಕದಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನಗೂ ನಗು ಬಂತು. ಸ್ವಲ್ಪ ಚುಚ್ಚಿತೂ ಕೂಡ. ಚುಚ್ಚಿದ್ದನ್ನು ಅವತ್ತು ಗಮನಿಸಲಿಲ್ಲ.

ಅವಳ ತಾಯಿ ನಿಪ್ಪಾಣಿಯಲ್ಲಿ ಬೀಡಿ ಸುತ್ತುವವಳು. ಇವಳೂ ನರ್ಸಿಂಗ್ ಸೇರುವವರೆಗೆ ಸುತ್ತಿದ್ದಳು. ಏನಾದರೂ ಯೋಚಿಸುವಾಗ ಪುಟದ ಮೂಲೆಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಸುರುಳಿ ಸುತ್ತುತ್ತಿದ್ದಳು. ಆ ಪುಸ್ತಕದಲ್ಲಿ ಒಂದು ಮೂಲೆಯೂ ನೆಟ್ಟಗಿರಲಿಲ್ಲ. ಹೊಸ ಶಬ್ದಗಳನ್ನು ಇಪ್ಪತ್ತೈದರ ಲೆಕ್ಕದಲ್ಲಿ ಕಲಿಯುತ್ತಿದ್ದಳು, ಏಕೆಂದರೆ ಬೀಡಿಯ ಒಂದು ಕಟ್ಟಿಗೆ ಇಪ್ಪತ್ತೈದು. ಬಸ್ಸಿಳಿದು ಬಂದವಳೇ, "ಇವತ್ತ ನಿಪ್ಪಾಣಿಯಿಂದ ಚಿಕ್ಕೋಡಿಗೆ ಒಂದೂವರಿ ಕಟ್ಟ ಆತ್ರಿ" ಅನ್ನುವಳು.

ಕಷ್ಟದ ಪಾಠ ಬಂದರೆ ಅವಳದೊಂದು ಕ್ರಮ. ಆ ಪಾಠದ ಪುಟಗಳನ್ನೆಲ್ಲ ಒಟ್ಟು ಹಿಡಿದು, ಅಂಚಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಬೀಡಿ ಕಟ್ಟುವ ದಾರದಿಂದ ಬಿಗಿಯಾಗಿ ಕಟ್ಟಿಬಿಡುತ್ತಿದ್ದಳು. ತೆರೆದು ನೋಡುವಂತೆಯೇ ಇಲ್ಲ. ಮುಂದಿನ ಪಾಠಕ್ಕೆ ಹೋಗುತ್ತಿದ್ದಳು. ಕಟ್ಟಿದ ಪಾಠವನ್ನು ಗ್ಲಾಸಿನ ಹೆಂಗಸಿನ ಬಾಯಲ್ಲಿ ಮಾತ್ರ ಕೇಳುತ್ತಿದ್ದಳು. ಕಾಕಾನ ಕಾಲು ಒತ್ತುವಾಗ, ಬಟ್ಟೆ ಮಡಚುವಾಗ. ವಾರ, ಹತ್ತು ದಿನ. ಒಂದು ದಿನ ಇದ್ದಕ್ಕಿದ್ದ ಹಾಗೆ ಕತ್ತರಿ ಕೇಳಿ, ದಾರ ಕತ್ತರಿಸಿ, ಪುಟ ಬಿಡಿಸಿದರೆ, ಅರ್ಧ ಆಗಲೇ ತಿಳಿದಿರುತ್ತಿತ್ತು.

ನನಗಿದು ಹಿಡಿಸಲಿಲ್ಲ. "ಇದೆಂಥಾ ಪದ್ಧತಿ? ಒಂದ ಪಾಠ ಪರ್ಫೆಕ್ಟ್ ಮಾಡಿ ಮುಂದ ಹೋಗಬೇಕು. ನಮ್ಮ ಸಿಸ್ಟರ್ ಇದ್ದಿದ್ರ ನಿನ್ನ ಕೈಮ್ಯಾಲ ರೂಲರ್ ಮುರೀತಿತ್ತು."

"ಬೀಡಿ ಎಲಿ ಒಣಾ ಇದ್ದಾಗ ಸುತ್ತಾಕ ಹೋದ್ರ ಹರೀತೈತ್ರಿ ಕಾಕು. ತೋಯಿಸಿ, ಗೋಣಿ ತಟ್ಟಿನ್ಯಾಗ ಸುತ್ತಿ ಇಡಬೇಕು. ತಾನ ಮೆತ್ತಗ ಆಗತೈತಿ. ನಿಮ್ಮ ಸಿಸ್ಟರ್ ಬೀಡಿ ಸುತ್ತಿದ್ರೇನು?"

ಮಂಚದಿಂದ ಒಂದು ಸದ್ದು ಬಂತು. ಯಜಮಾನರು ನಗುತ್ತಿದ್ದರು.

ಅವರ ಮಾತು ತಿರುಗಿ ಬಂದದ್ದೂ ಆ ಕಿಟಕಿಯ ಬಳಿಯೇ. ಎಂಟು ತಿಂಗಳು ಬರೀ ಗಂಟಲಿನ ಸದ್ದು ಮಾಡುತ್ತಿದ್ದವರು, ಒಂದು ಸಂಜೆ ಗ್ಲಾಸಿನ ಹೆಂಗಸು ಏನೋ ಕೇಳಿದಾಗ ಸ್ಪಷ್ಟವಾಗಿ "ಹಾಯ್" ಎಂದರು. ಜಪಾನಿಯಲ್ಲಿ ಅದು 'ಹೌದು'. ಕನ್ನಡ ಬರಲಿಲ್ಲ, ಮರಾಠಿ ಬರಲಿಲ್ಲ, ನನ್ನ ಹೆಸರೂ ಬರಲಿಲ್ಲ, ಬಂದದ್ದು ಅದು. ನಾನು ಪಾತ್ರೆ ಹಿಡಿದುಕೊಂಡೇ ನಿಂತೆ. ಅವಳು ಚಪ್ಪಾಳೆ ತಟ್ಟಿ, "ಕಾಕಾ, ನೀವ ನನಕಿಂತ ಮೊದಲ ಜಪಾನಿಗೆ ಹೊಂಟ್ರಲ್ರಿ!" ಅಂದಳು. ಅಂದಿನಿಂದ ಅವರನ್ನೇ ರೋಗಿಯನ್ನಾಗಿ ಮಾಡಿಕೊಂಡು ಅಭ್ಯಾಸ. "ಇತಾಯ್ ದೆಸ್ ಕಾ?" ನೋವಿದೆಯೇ? "ಹಾಯ್." "ಎಲ್ಲೆ?" ಎಂದು ಕನ್ನಡದಲ್ಲಿ ಕೇಳಿದರೆ ಎಡಗೈಯಿಂದ ನನ್ನನ್ನು ತೋರಿಸುತ್ತಿದ್ದರು, ದುಷ್ಟ.

ನಾನು ಕಲಿತ ಜಪಾನಿ ಒಂದೇ. ಅವಳು ತಪ್ಪಿದಾಗ ಹೇಳುವುದು. "ಮೋ ಇಚಿದೋ." ನನ್ನ ಉಚ್ಚಾರ ಗ್ಲಾಸಿನ ಹೆಂಗಸಿಗಿಂತ ಚೆಂದ ಎಂದು ಅವಳು ಹೊಗಳುತ್ತಿದ್ದಳು. ನಾನು ಅದನ್ನು ಬೇಕಾದಲ್ಲಿ, ಬೇಡವಾದಲ್ಲಿ ಉಪಯೋಗಿಸುತ್ತಿದ್ದೆ.

ಎರಡನೆಯ ವರ್ಷದ ಬೇಸಿಗೆಗೆ ಐವತ್ತರಲ್ಲಿ ನಲವತ್ತೆಂಟು ಪಾಠ ಮುಗಿದಿತ್ತು. ದಾರದಲ್ಲಿ ಉಳಿದವು ಕೊನೆಯ ಎರಡು. ಹಿರಿಯರೊಂದಿಗೆ ಹೇಗೆ ಮಾತಾಡಬೇಕು, ಅವರ ಮೈ ಮುಟ್ಟುವ ಮೊದಲು ಹೇಗೆ ಅಪ್ಪಣೆ ಕೇಳಬೇಕು, ಉಣಿಸುವ ಮೊದಲು ಏನನ್ನಬೇಕು, ಆದ ಮೇಲೆ ಹೇಗೆ ವಂದಿಸಬೇಕು ಎನ್ನುವ ಪಾಠಗಳು.

ಪರೀಕ್ಷೆಯ ಫಾರ್ಮ್ ತುಂಬುವ ದಿನಗಳು ಬಂದವು. ಒಂದು ಬೆಳಿಗ್ಗೆ ಕಾಕಾನ ಗಡ್ಡ ಮಾಡುತ್ತ ಹೇಳಿದಳು. "ಕಾಕು, ನಮ್ಮ ಕ್ಲಾಸಿನವ್ರು ಈ ಸಲ ಒಂದ ಆಶ್ರಮಕ್ಕ ಬ್ಯಾಚ್ ಕಳಸಾಕತ್ತಾರ. ಮೂವತ್ತರ ಒಳಗಿನವ್ರಷ್ಟ ಬೇಕಂತ. ಈ ಸಲ ತಪ್ಪಿದ್ರ ನಂಗ ವಯಸ್ಸಿನ ತ್ರಾಸ ಆಗತೈತ್ರಿ."

"ವಯಸ್ಸಿಗೇನಾಗೇದ ನಿನಗ? ಯೂ ಆರ್ ಎ ಬೇಬಿ" ಎಂದೆ.

ಅವಳು ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ ಎಂದು ಆಮೇಲೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕೇಳಿಸಿಕೊಂಡಿದ್ದೆ. ಪ್ರತಿ ಶಬ್ದ.

ಅಂದು ಮಧ್ಯಾಹ್ನವೆಲ್ಲ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಇವಳು ಹೋದರೆ ಅವರನ್ನು ಎತ್ತುವವರು ಯಾರು? ಯಾರ ಕೈಯಿಂದ ಉಣ್ಣುತ್ತಾರೆ? ನಾನು ಚಮಚ ಹಿಡಿದರೂ ಅವಳು ಬರಲಿ ಎಂದು ಬಾಗಿಲು ನೋಡುತ್ತಾರೆ. ಇನ್ನೂ ಒಂದು ಇತ್ತು, ಅದನ್ನೂ ಬರೆದುಬಿಡುತ್ತೇನೆ. ನಾಲ್ಕು ಗಂಟೆಗೆ ನನ್ನ ಕನ್ನಡಕಕ್ಕೆ, ನನ್ನ ಇಂಗ್ಲಿಷಿಗೆ ಕಾಯುವವರು ಆ ಮನೆಯಲ್ಲಿ ಬೇರೆ ಇರಲಿಲ್ಲ. ಯು ವಿಲ್ ಗೋ ಫಾರ್ ಎಂದದ್ದು ನನಗೆ. ದೂರ ಹೊರಟವಳು ಇವಳು.

ಫಾರ್ಮಿನ ಕೊನೆಯ ದಿನ. ನಾಲ್ಕಕ್ಕೆ ಅವಳು ಕತ್ತರಿ ತೆಗೆದುಕೊಂಡು ಬಂದಳು. ನನ್ನೆದುರಿಗೇ ಎರಡೂ ದಾರ ಕತ್ತರಿಸಿ, ಪುಸ್ತಕ ನನ್ನ ಕೈಗೆ ಕೊಟ್ಟು, "ಕೇಳ್ರಿ ಕಾಕು, ಎಲ್ಲಿ ಬೇಕಾದಲ್ಲಿ ಕೇಳ್ರಿ" ಅಂದಳು. ಕೇಳಿದೆ. ಇಂಗ್ಲಿಷ್ ವಾಕ್ಯ ಓದಿದರೆ ಜಪಾನಿ ಹೇಳುತ್ತಿದ್ದಳು. ಹತ್ತು, ಇಪ್ಪತ್ತು. ಒಂದರಲ್ಲೂ ಸಿಕ್ಕಿಬೀಳಲಿಲ್ಲ. ಕೊನೆಗೆ ನಾನು, "ಬಾಯಿಪಾಠ ಆತು. ಈಗ ಮಾಡಿ ತೋರಿಸು. ಕಾಕಾಗ ಉಣಸು" ಎಂದೆ.

ನಮ್ಮದು ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಮನೆ. ಅವರ ಊಟದ ಹೊತ್ತೂ ಆಗಿತ್ತು. ಅವಳು ಅನ್ನ ಸಾರು ಕಲಸಿದಳು. ದಿಂಬು ಎತ್ತರಿಸಿದಳು. ಕುತ್ತಿಗೆಗೆ ಟವೆಲ್ಲು ಹಾಕಿ, ಎಡಗೈ ಅವರ ಬೆನ್ನಿಗೆ ಕೊಟ್ಟು, ತುತ್ತು ಬಾಯಿಗಿಟ್ಟಳು. ಅವರು ನುಂಗಿದರು. ಆಮೇಲೆ ಅವಳಿಗೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

"ಕೇಳಿದೇನು ಮುಟ್ಟೂ ಮುಂಚೆ?" ಎಂದೆ. "ಬೆನ್ನಿಗೆ ಕೈ ಹಾಕ್ಲೇನು ಅಂತ ಕೇಳಿದೇನು? ಉಣಸಲೇನು ಅಂದೇನು?"

"ನಮ್ಮ ಕಾಕಾಗ ಏನ್ ಕೇಳೂದ್ರಿ?" ಎಂದು ನಕ್ಕಳು. "ಕೇಳೂದು ಹೊರಗಿನವ್ರಿಗೆ. ಮನಿ ಮಂದಿಗ ಯಾರರ ಕೇಳ್ತಾರ?"

ಅವಳು ಹೇಳಿದ್ದು ಸರಿ. ನಮ್ಮ ಕಡೆ ಹಡೆದವ್ವನಿಗೆ ಯಾರೂ ಥ್ಯಾಂಕ್ಸ್ ಅನ್ನುವುದಿಲ್ಲ, ಮುತ್ಯಾನ ಕೈ ಹಿಡಿಯಲು ಅಪ್ಪಣೆ ಬೇಡುವುದಿಲ್ಲ. ಕೇಳಿದರೆ ಅವರಿಗೆ ನೋವಾಗುತ್ತದೆ, ನಾನೇನು ಹೊರಗಿನವನೇ ಎಂದು. ಎರಡು ವರ್ಷ ಅವಳು ನನ್ನ ಗಂಡನನ್ನು ಒಂದು ದಿನವೂ ಕೇಳಿ ಮುಟ್ಟಿರಲಿಲ್ಲ. ಅದಕ್ಕೇ ಅವರು ಬಾಯಿ ತೆರೆಯುತ್ತಿದ್ದರು. ನನಗೆ ಇದೆಲ್ಲ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆಯುವುದು, ಕೇಳುವುದು ಇದೆಯೇ ಹೊರತು ಉಣಿಸುವುದಿಲ್ಲ ಎಂದೂ ಗೊತ್ತಿತ್ತು.

"ಜಪಾನಿನ್ಯಾಗ ಇದು ಫೇಲ್" ಎಂದೆ. "ಹಾಫ್ ಬೇಕ್ಡ್ ಹೋಗಬಾರ್ದು. ಈ ಎರಡ ಪಾಠ ನಿನಗಿನ್ನೂ ಬಂದಿಲ್ಲ. ಮೋ ಇಚಿದೋ."

ಅವಳ ನಗು ನಿಂತಿತು. "ಹಂಗಾರ ಫಾರ್ಮ್ ತುಂಬ್ಲೋ ಬ್ಯಾಡೋ? ನೀವ ಹೇಳ್ರಿ ಕಾಕು. ನೀವ ಅಂದಂಗ."

ಮಂಚದ ಮೇಲೆ ಅವರು ಬಾಯಿ ತೆರೆದು ಮುಂದಿನ ತುತ್ತಿಗೆ ಕಾಯುತ್ತಿದ್ದರು.

"ಮುಂದಿನ ಸಲ ತುಂಬು" ಎಂದೆ. "ಆ ಪಾಠ ಮತ್ತ ಕಟ್ಟು."

ಅವಳು ಊಟ ಮಾಡಿಸಿ ಮುಗಿಸಿ, ಕೈ ತೊಳೆದು ಬಂದು, ಚೀಲದಿಂದ ದಾರದ ಉಂಡೆ ತೆಗೆದು, ಬಿಡಿಸಿದ್ದ ಎರಡೂ ಪಾಠವನ್ನು ಮತ್ತೆ ಕಟ್ಟಿದಳು. ಹಳೆಯ ತೂತಿನಲ್ಲೇ. ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು. ನಾನು ನೋಡುತ್ತ ಕೂತಿದ್ದೆ. ಇನ್ನೂ ಹೊತ್ತಿತ್ತು, ಅವಳು ಬಸ್ಸು ಹತ್ತುವವರೆಗೂ ನಾನು ಒಂದು ಮಾತು ಹೇಳಬಹುದಿತ್ತು.

ಮುಂದಿನದು ಹೆಚ್ಚಿಲ್ಲ. ಅವಳ ಕ್ಲಾಸಿನ ರಾಯಬಾಗದ ಕಡೆಯ ಹುಡುಗಿಯೊಬ್ಬಳು ಪಾಸಾಗಿ ಹೊರಟಳು. ಏರ್‌ಪೋರ್ಟಿನ ಫೋಟೋ ತೋರಿಸಿ ಇವಳು, "ನೋಡ್ರಿ, ಇಕಿ ನನ್ನ ನೋಡಿ ದಾರ ಕಟ್ಟಾಕ ಕಲ್ತಾಕಿ. ಪರೀಕ್ಷಾಕ್ಕ ಹೋದಾಗ ಹನ್ನೊಂದ ಪಾಠ ದಾರದಾಗ ಇದ್ವಂತ" ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅದೇ ನನಗೆ ಕಷ್ಟವಾಯಿತು. ಮುಂದಿನ ಬ್ಯಾಚಿಗೆ ಕ್ಲಾಸಿನವರು ಇವಳ ವಯಸ್ಸು ಕೇಳಿ ಬೇಡವೆಂದರು.

ಕೆಲಸಕ್ಕೆ ಬರುವುದು ಬಿಡಲಿಲ್ಲ. ಗ್ಲಾಸು ಮಾತ್ರ ಕಿಟಕಿಗೆ ಬರಲಿಲ್ಲ. ನಾನೇ ಒಂದು ದಿನ "ಲೆಟ್ ಅಸ್ ಸ್ಟಾರ್ಟ್ ಅಗೇನ್, ಏನಂತಿ?" ಎಂದಾಗ, "ಸದ್ಯ ಬ್ಯಾಡ್ರಿ ಕಾಕು" ಎಂದು ಟವೆಲ್ಲು ಮಡಚತೊಡಗಿದಳು. ಪುಸ್ತಕ ನಮ್ಮ ಕಿಟಕಿಯಲ್ಲೇ ಉಳಿಯಿತು. ನಾಲ್ಕು ಗಂಟೆಗೆ ಅವರು ಆ ಕಡೆ ತಿರುಗಿ "ಹಾಯ್?" ಎಂದು ಕೇಳುವರು. ಎಲ್ಲಿ ಆ ಗ್ಲಾಸಿನ ಹೆಂಗಸು, ಎಂದು. ಇವಳು "ಇವತ್ತ ಸೂಟಿ ಐತ್ರಿ ಕಾಕಾ ಆಕಿಗ" ಎನ್ನುವಳು. ದಿನಾ ಸೂಟಿ, ದಿನಾ ರಜೆ.

ರಾಯಬಾಗದ ಆ ಹುಡುಗಿ ಹೊರಟ ಐದು ತಿಂಗಳಿಗೆ ಅವರು ಹೋದರು. ಕೊನೆಯ ತುತ್ತು ತಿಂದದ್ದು ಅವಳ ಕೈಯಿಂದಲೇ. ಐದು ತಿಂಗಳು. ಅಷ್ಟಕ್ಕಾಗಿ ನಾನು ಅವಳನ್ನು ಹಿಡಿದಿಟ್ಟೆ. ಅವರು ಸುಖವಾಗಿ ಹೋದರು ಎಂದು ಬಂದವರೆಲ್ಲ ಅಂದರು. ಅದರ ಬೆಲೆ ಕೊಟ್ಟವಳು ಹಿಂದೆ ಹಿತ್ತಲಲ್ಲಿ ಅವರ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು.

ಒಂದು ವರ್ಷ ಆ ಪುಸ್ತಕವನ್ನು ನೋಡದೆ ನೋಡುತ್ತ ಓಡಾಡಿದೆ. ಆಮೇಲೆ ಚೀಲಕ್ಕೆ ಹಾಕಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಕಟ್ಟಿಕೊಂಡೆ. ಅದು ಇಂಗ್ಲಿಷಿನಲ್ಲೇ ಬರುತ್ತಿತ್ತು: ಐ ವಾಸ್ ಸೆಲ್ಫಿಶ್. ಐ ಆಮ್ ಸಾರಿ. ಕನ್ನಡಕ್ಕೆ ತರಲು ನೋಡಿದರೆ ಬಾಯಿಯಲ್ಲಿ ಕೂರಲಿಲ್ಲ. ಮನೆಯವರೊಂದಿಗೆ ಅಂಥ ಮಾತಾಡಿ ನನಗೆ ರೂಢಿಯೇ ಇರಲಿಲ್ಲ.

ಓಣಿಯ ತಿರುವಿನಲ್ಲೇ ಆ ಸದ್ದು ಕೇಳಿತು. ಗ್ಲಾಸಿನ ಹೆಂಗಸು. ಬಾಗಿಲಲ್ಲಿ ಅವಳ ತಾಯಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಒಳಗೆ ನಾಲ್ಕು ಜನ ನರ್ಸ್ ಹುಡುಗಿಯರು ನೆಲದ ಮೇಲೆ ಪುಸ್ತಕ ಹಾಸಿಕೊಂಡಿದ್ದರು, ನಡುವೆ ಗ್ಲಾಸು. ಆಸ್ಪತ್ರೆಯ ಹಗಲು ಪಾಳಿ ಮುಗಿಸಿ ಬಂದು ಇವಳು ಅವರಿಗೆ ಪಾಠ ಹೇಳುತ್ತಿದ್ದಳು.

"ಬರ್ರಿ ಕಾಕು, ಬರ್ರಿ. ಅವ್ವಾ, ಚಾ ಇಡ." ಎದ್ದು ನಿಂತಳು. ನಾನು ಪುಸ್ತಕ ಕೊಟ್ಟೆ. ಹೆಬ್ಬೆರಳಿನಿಂದ ಅಂಚು ಸವರುತ್ತ ಹೋಗಿ ಕೊನೆಗೆ ಆ ಎರಡು ಗಂಟುಗಳ ಹತ್ತಿರ ನಿಲ್ಲಿಸಿದಳು.

"ಇನ್ನೂ ಹಂಗ ಇಟ್ಟೀರಲ್ರಿ" ಎಂದಳು.

ಬಸ್ಸಿನಲ್ಲಿ ಕಟ್ಟಿಕೊಂಡಿದ್ದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಹುಡುಗಿ, "ಅಕ್ಕಾ, ಫಾರ್ಮ್ ನಾಳಿಗೆ ಕಡೀ ದಿನಾ. ನಂದಿನ್ನೂ ಏಳ ಪಾಠ ಕಟ್ಟಿದ್ದು ಹಂಗ ಅದಾವು. ತುಂಬ್ಲೋ ಬ್ಯಾಡೋ?" ಎಂದು ಕೇಳಿದಳು.

ಇವಳು ನನ್ನ ಕಡೆ ತಿರುಗಿದಳು. "ಕಾಕುಗ ಕೇಳ. ನನಗ ಕಲಿಸಿದಾಕಿ ಅವ್ರು."

ಮುಖದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ತುಂಬು" ಎಂದೆ. ದನಿ ಜೋರಾಯಿತು, ಬಾಗಿಲಲ್ಲಿ ತಾಯಿಯ ಕೈ ನಿಂತಿತು. "ನಾಳಿತನ ಯಾಕ? ಈಗ ತುಂಬು."

"ಏಳ ಪಾಠ ಅಜ್ಜಿ..."

"ಇರಲಿ. ಯಾರ ಬ್ಯಾಡಂದ್ರೂ ತುಂಬು. ನಾ ಬ್ಯಾಡಂದ್ರೂ."

ಹುಡುಗಿಯರು ನಕ್ಕರು. ಇವಳು ನಗಲಿಲ್ಲ. ಪುಸ್ತಕವನ್ನು ಆ ಹುಡುಗಿಯ ಕೈಗೆ ಕೊಟ್ಟು, "ಇದನ್ನೂ ಇಟ್ಕೋ" ಎಂದಳು, ಗಂಟು ಬಿಚ್ಚದೆ.

ಚಹಾ ಕುಡಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಅವಳು ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು; ಕಾಕಾನ ಡ್ಯಾನ್ಸಿನ ಮಾತಾಡಿ ಇಬ್ಬರೂ ಸ್ವಲ್ಪ ನಕ್ಕೆವು. ಇತ್ತೀಚೆಗೆ ಅವಳು ಪುಣೆಯ ಯಾವುದೋ ಕ್ಲಾಸಿನಲ್ಲಿ ಕಲಿಸಲು ಹೋಗಿದ್ದಾಳೆಂದು ಕೇಳಿದೆ, ತಾಯಿಯನ್ನೂ ಕರೆದುಕೊಂಡು. ಹಾಗಾಗಿ ನಾನು ಅವಳನ್ನು ಕಂಡದ್ದು ಅದೇ ಕೊನೆ.

ಅವತ್ತು ಬಸ್ಸಿನ ಮೆಟ್ಟಿಲು ಎತ್ತರವಿತ್ತು. ನಾನು ಸರಳು ಹಿಡಿದು ಒಂದು ಕಾಲು ಎತ್ತಿ, ಹತ್ತಲಾರದೆ ನಿಂತೆ. ಅವಳು ಹಿಂದೆಯೇ ಇದ್ದಳು. ಎರಡು ವರ್ಷ ನನ್ನ ಕಣ್ಣೆದುರು ಒಬ್ಬರನ್ನು ಮಗುವಿನ ಹಾಗೆ ಎತ್ತಿ ಕೂರಿಸಿದ ಕೈಗಳು ನನ್ನ ಮೊಣಕೈಯ ಹತ್ತಿರ ಬಂದು, ಮುಟ್ಟದೆ ನಿಂತವು.

"ಕಾಕು, ಕೈ ಹಿಡೀಲೇನ್ರಿ?" ಎಂದು ಕೇಳಿದಳು.

ನಾನು ಹೂಂ ಅನ್ನುವವರೆಗೂ ಕಾದು, ಆಮೇಲೆ ಹಿಡಿದಳು.